ಕ್ಲಾಸ್ ಗಾತ್ರಗಳ ಗ್ರಾಫ್: ಗೆರೆ ಇಲ್ಲದ ಜಾಗವನ್ನೇ ನೋಡಿ

ಗ್ರಾಫ್ ಕಟ್ಟೋದು ಸುಲಭ. ಗ್ರೂಪ್‌ನ (ಗುಣಿಸಬಹುದಾದ, ಗುಣಾಕಾರವನ್ನು ಹಿಂದಕ್ಕೂ ತಿರುಗಿಸಬಹುದಾದ ಅಂಶಗಳ ಗುಂಪಿನ) ಒಂದು ಅಂಶ ಗ ಇನ್ನೊಂದು ಅಂಶ ಅ ಅನ್ನು ಗ⁻¹ಅಗ ಆಗಿ ಸಾಗಿಸುತ್ತದೆ; ಹೀಗೆ ಅ ತಲುಪುವ ಅಂಶಗಳೆಲ್ಲ ಸೇರಿ ಅದರ ಕಾಂಜುಗಸಿ ಕ್ಲಾಸ್. ಒಂದು ಸೀಮಿತ ಗ್ರೂಪ್‌ನಲ್ಲಿ ಸೆಂಟರ್‌ನ (ಯಾವುದರಿಂದಲೂ ಕದಲದ ಅಂಶಗಳ) ಹೊರಗಿರುವ ಪ್ರತಿ ಕಾಂಜುಗಸಿ ಕ್ಲಾಸ್‌ಗೂ ಒಂದು ಬಿಂದು. ಎರಡು ಕ್ಲಾಸ್‌ಗಳ ಗಾತ್ರವನ್ನು ಒಂದೇ ಅವಿಭಾಜ್ಯ ಸಂಖ್ಯೆ ಭಾಗಿಸಿದರೆ ನಡುವೆ ಗೆರೆ. 1990ರಲ್ಲಿ ಬರ್ಟ್ರಮ್, ಹರ್ಜೋಗ್, ಮಾನ್ ಇದನ್ನು ಪರಿಚಯಿಸಿದರು.

ಎಸ್4ರಲ್ಲಿ (ನಾಲ್ಕು ವಸ್ತುಗಳ ಎಲ್ಲ ಅದಲುಬದಲುಗಳ ಗ್ರೂಪ್) ಕ್ಲಾಸ್ ಗಾತ್ರಗಳು 1, 3, 6, 6, 8. 1 ಬಿಡಿ. 6 ಎರಡು ಸಲ ಇದೆ, ಹಾಗಾಗಿ ಬಿಂದುವೂ ಎರಡು. 3 ಮತ್ತು 8ರ ನಡುವೆ ಮಾತ್ರ ಗೆರೆ ಇಲ್ಲ.

ನಾನು ಸಿಕ್ಕಿಕೊಂಡದ್ದು ಇಲ್ಲೇ. ಅ, ಬ ಎಂಬ ಅಂಶಗಳ ಕ್ಲಾಸ್ ಗಾತ್ರಗಳು ಮ, ನ ಎನ್ನಿ. ಇವು ಸಹ-ಅವಿಭಾಜ್ಯವಾದರೆ, ಅಂದರೆ ಎರಡನ್ನೂ ಭಾಗಿಸುವ ಅವಿಭಾಜ್ಯ ಸಂಖ್ಯೆ ಇಲ್ಲದಿದ್ದರೆ (ಗೆರೆ ಇಲ್ಲದ ಜಾಗ ಇದೇ), ಒಂದು ಕ್ಲಾಸ್‌ನ ಪ್ರತಿ ಅಂಶವನ್ನೂ ಇನ್ನೊಂದರ ಪ್ರತಿ ಅಂಶದೊಂದಿಗೆ ಗುಣಿಸಿದಾಗ ಒಂದೇ ಒಂದು ಕ್ಲಾಸ್ ಸಿಗುತ್ತದೆ. ಯಾಕೆ? ಅ ಅನ್ನು ತನ್ನ ಕ್ಲಾಸ್‌ನಲ್ಲಿ ಬೇಕಾದಲ್ಲಿಗೆ ಸಾಗಿಸುವುದು ಒಂದು ಅಂಶ, ಬ ಅನ್ನು ಸಾಗಿಸುವುದು ಇನ್ನೊಂದು. ಅ, ಬ ಎರಡನ್ನೂ ಒಂದೇ ಅಂಶ ಒಟ್ಟಿಗೆ ಸಾಗಿಸಬೇಕಲ್ವಾ? ಸೂತ್ರ ಬರೆದು ಬರೆದು ಸಾಕಾಯಿತು. ಬಿಡಿ ಅಂಶಗಳನ್ನು ಬಿಟ್ಟು ಜೋಡಿಗಳನ್ನು ಎಣಿಸಿದಾಗ ಗಂಟು ಬಿಚ್ಚಿತು.

ಒಂದೊಂದು ಕ್ಲಾಸ್‌ನಿಂದ ಒಂದೊಂದು ಅಂಶ ತೆಗೆದರೆ ಒಟ್ಟು ಜೋಡಿಗಳು ಮ × ನ. ಗ್ರೂಪ್‌ನ ಒಂದೊಂದು ಅಂಶವೂ ಇಡೀ ಜೋಡಿಯನ್ನು ಒಮ್ಮೆಲೇ ಸಾಗಿಸಲಿ. (ಅ, ಬ) ಜೋಡಿಯನ್ನು ಕದಲಿಸದವು ಅ ಮತ್ತು ಬ ಎರಡರ ಸೆಂಟ್ರಲೈಸರ್‌ನಲ್ಲೂ (ಒಂದು ಅಂಶವನ್ನು ಕದಲಿಸದವುಗಳ ಗುಂಪಿನಲ್ಲೂ) ಇರುವ ಅಂಶಗಳು. ಆದ್ದರಿಂದ ಈ ಜೋಡಿಯ ಆರ್ಬಿಟ್ (ಅದು ತಲುಪುವ ಜೋಡಿಗಳೆಲ್ಲ) ಗಾತ್ರವನ್ನು ಮ ಭಾಗಿಸುತ್ತದೆ, ನ ಕೂಡ ಭಾಗಿಸುತ್ತದೆ. ಎರಡೂ ಸಹ-ಅವಿಭಾಜ್ಯ, ಅಂದರೆ ಮ × ನ ಭಾಗಿಸುತ್ತದೆ. ಇರುವ ಜೋಡಿಗಳೇ ಅಷ್ಟು! ಆರ್ಬಿಟ್ ಒಂದೇ. ಜೋಡಿ ಸಾಗಿದಂತೆ ಅದರ ಗುಣಲಬ್ಧವೂ ಸಾಗುತ್ತದೆ, ಎಲ್ಲವೂ ಒಂದೇ ಕ್ಲಾಸ್‌ಗೆ ಬೀಳುತ್ತವೆ.

ಕೈಯಾರೆ ನೋಡಿ. ಎಸ್4ರಲ್ಲಿ (12)(34) ಥರದ ಜೋಡಿ ಅದಲುಬದಲುಗಳು 3, (123) ಥರದ, ಮೂರನ್ನು ಸುತ್ತಿಸುವ 3-ಸೈಕಲ್‌ಗಳು 8. ಎರಡರಿಂದಲೂ ಒಂದೊಂದು ತೆಗೆದರೆ ಜೋಡಿಗಳು 24. ಗುಣಲಬ್ಧಗಳೆಲ್ಲ 3-ಸೈಕಲ್‌ಗಳೇ, ಒಂದೊಂದೂ ಮೂರು ಸಲ. ಗೆರೆ ಇರುವ 3 ಮತ್ತು 6 ತೆಗೆದುಕೊಂಡರೆ ಹಾಗಾಗೋದಿಲ್ಲ: (12)(34) ಅನ್ನು (12) ಜೊತೆ ಗುಣಿಸಿದರೆ (34), ಆದರೆ (13)(24) ಅನ್ನು (12) ಜೊತೆ ಗುಣಿಸಿದರೆ 4-ಸೈಕಲ್. ಈ ಎರಡನೇ ಲೆಕ್ಕ ತಪ್ಪದೆ ಮಾಡಿ. ಸಹ-ಅವಿಭಾಜ್ಯ ಅನ್ನೋ ಷರತ್ತು ಸುಮ್ನೆ ಇಟ್ಟಿದ್ದಲ್ಲ ಅಂತ ನನಗೆ ಗೊತ್ತಾಗಿದ್ದು ಅದರಿಂದಲೇ.

ಇನ್ನು ಫಲಿತಾಂಶಗಳು, ಚುಟುಕಾಗಿ. ಈ ಗ್ರಾಫ್ ಎರಡಕ್ಕಿಂತ ಜಾಸ್ತಿ ತುಂಡಾಗೋದಿಲ್ಲ. ಒಂದೇ ತುಂಡಾಗಿದ್ದರೆ ವ್ಯಾಸ, ಅಂದರೆ ಯಾವುದೇ ಎರಡು ಬಿಂದುಗಳ ನಡುವಿನ ದಾರಿಯ ಗೆರೆಗಳು, ಹೆಚ್ಚೆಂದರೆ 3. ಎಸ್3ರಲ್ಲಿ ಗಾತ್ರಗಳು 2, 3; ಎ4ರಲ್ಲಿ (ಎಸ್4ರ ಸಮ ಅದಲುಬದಲುಗಳ ಗ್ರೂಪ್) 3, 4, 4. ಎರಡೂ ಎರಡು ತುಂಡು, ಎರಡೂ ಫ್ರೊಬೇನಿಯಸ್ ಗ್ರೂಪ್‌ಗಳು ಎಂಬ ವಿಶೇಷ ಬಗೆಯವು. ಅಬೇಲಿಯನ್ ಅಲ್ಲದ (ಗುಣಿಸುವ ಕ್ರಮ ಬದಲಿಸಿದರೆ ಉತ್ತರ ಬದಲಾಗಬಹುದಾದ) ಸೀಮಿತ ಸಿಂಪಲ್ ಗ್ರೂಪ್‌ (ಇನ್ನೂ ಚಿಕ್ಕ ಗ್ರೂಪ್‌ಗಳಾಗಿ ಒಡೆಯಲಾಗದ್ದು) ಆದರೆ ಬಿಟ್ಟುಹೋದ ಗೆರೆಯೇ ಇರೋದಿಲ್ಲ. ಅಂಥದ್ದೇ ಆದ ಎ5ರ (ಐದು ವಸ್ತುಗಳ ಸಮ ಅದಲುಬದಲುಗಳು) ಗಾತ್ರಗಳಾದ 12, 12, 15, 20 ಬರೆದು ಎಲ್ಲ ಆರು ಗೆರೆಗಳನ್ನೂ ಎಳೆದು ನೋಡಿ.