ದಾರ ತೋರಿಸಿದ ದಾರಿ

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರವಾಗಿ ಹೋಗಬೇಕಾದರೆ ವಿಮಾನ ಯಾವ ದಿಕ್ಕಿಗೆ ಹಾರಬೇಕು? ಗೋಡೆಯ ಮೇಲಿನ ಭೂಪಟ ನೋಡಿ ಬೆಳೆದ ನಾವು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಚರ್ಚಿಸುತ್ತೇವೆ. ಉತ್ತರಕ್ಕೆ ಎನ್ನುವವರು ವಿರಳ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಹೂ ಕಟ್ಟುವ ದಾರದ ಒಂದು ತುಂಡು ತೆಗೆದುಕೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿದು, ಇನ್ನೊಂದನ್ನು ಪೆಸಿಫಿಕ್ ಸಾಗರದ ಮೇಲಿಂದ ಹಾಯಿಸಿ ಕ್ಯಾಲಿಫೋರ್ನಿಯಾಕ್ಕೆ ಮುಟ್ಟಿಸಿ. ಈಗ ಮೆಲ್ಲಗೆ ಬಿಗಿಮಾಡಿ. ದಾರ ಸಾಗರದಲ್ಲಿ ನಿಲ್ಲುವುದಿಲ್ಲ. ಮೇಲಕ್ಕೆ ಜಾರುತ್ತ ಜಾರುತ್ತ ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ಹಿಮದಂಚು, ಅಲಾಸ್ಕಾಗಳ ಮೇಲೆ ಕುಳಿತುಬಿಡುತ್ತದೆ. ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಉದ್ದ ಸುಮಾರು 14,000 ಕಿ.ಮೀ. ಗೋಡೆಯ ಭೂಪಟದಲ್ಲಿ ಪೆಸಿಫಿಕ್ ದಾಟಿ ಸ್ಕೇಲಿನಿಂದ ಗೆರೆ ಎಳೆದು ಅದನ್ನೇ ಹಿಡಿದು ಹೋದರೆ 16,000 ದಾಟುತ್ತದೆ.

ಆದರೆ ವಿಮಾನ ದಾರದ ಮಾತನ್ನೂ ಪೂರ್ತಿ ಕೇಳುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯನ್ನೇ ನೋಡಿ. ಅದರ ಸರಾಸರಿ ಎತ್ತರ 4,500 ಮೀಟರಿಗೂ ಹೆಚ್ಚು. ಹಾರಾಟದಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ, ತಲೆಯ ಮೇಲಿಂದ ಇಳಿಬೀಳುವ ಮುಖವಾಡದ ಆಮ್ಲಜನಕ ಕೆಲವೇ ನಿಮಿಷ ಸಾಲುವಂಥದ್ದು. ಅಷ್ಟರೊಳಗೆ ಪೈಲಟ್ ಸುಮಾರು 3,000 ಮೀಟರಿಗೆ ಇಳಿಯಬೇಕು. ಟಿಬೆಟ್ಟಿನಲ್ಲಿ ಆ ಎತ್ತರದಲ್ಲಿ ಇರುವುದು ಗಾಳಿಯಲ್ಲ, ಬಂಡೆ! ಹಾಗಾಗಿ ವಿಮಾನಗಳು ಸಾಧ್ಯವಾದಷ್ಟು ಆ ಸೀಮೆಯನ್ನು ಸುತ್ತಿಕೊಂಡೇ ಹೋಗುತ್ತವೆ.

ಇನ್ನು ಗಾಳಿ. ಒಂಬತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆಗಳು ಹರಿಯುತ್ತವೆ. ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುವುದುಂಟು. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ಬೆನ್ನ ಹಿಂದೆ 100ರ ಗಾಳಿ ಸಿಕ್ಕರೆ 14,000 ಕಿ.ಮೀ. 14 ಗಂಟೆಯಲ್ಲಿ ಮುಗಿಯುತ್ತದೆ. ಅದೇ ಗಾಳಿ ಎದುರಾದರೆ ಹದಿನೇಳೂವರೆ. ದೂರ ಒಂದೇ, ಸಮಯ ಮಾತ್ರ ಮೂರೂವರೆ ಗಂಟೆ ಹಿಗ್ಗಿತು.

ಇದನ್ನು ಚೆನ್ನಾಗಿ ಬಳಸಿಕೊಂಡದ್ದು ಏರ್ ಇಂಡಿಯಾ. 2016ರ ಅಕ್ಟೋಬರಿನಲ್ಲಿ ಅದರ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ದಾರಿ ಹಿಡಿಯಿತು. 1,400 ಕಿ.ಮೀ. ಹೆಚ್ಚಿಗೆ, ಒಟ್ಟು 15,300 ಕಿ.ಮೀ. ಹಾರಿತು, ಆದರೂ ಹಿಂಗಾಳಿಯ ದಯೆಯಿಂದ ಸುಮಾರು ಎರಡು ಗಂಟೆ ಮೊದಲೇ, ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಸುತ್ತು ದಾರಿಯೇ ಬೇಗ ಮುಟ್ಟಿಸಿದ್ದನ್ನು ಕಂಡು ನನಗಂತೂ ಖುಷಿಯಾಯಿತು.

ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಮೊದಲು ಬಂದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ಕಾಕ್‌ಪಿಟ್‌ನಲ್ಲಿ ಕುಳಿತು ಉತ್ತರ ಧ್ರುವದ ಮೇಲೆಯೇ ಹಾರಿಸಿಕೊಂಡು ಬಂದರು. ದಾರದ ಲೆಕ್ಕಕ್ಕೆ ಹೋಲಿಸಿದರೆ ಧ್ರುವದ ಮೇಲಿನ ದಾರಿ 400 ಕಿ.ಮೀ.ನಷ್ಟು ಸುತ್ತು. ಹಾರಿದ್ದು ಸುಮಾರು ಹದಿನೇಳು ಗಂಟೆ. ಶನಿವಾರ ರಾತ್ರಿ ಅಲ್ಲಿ ಹೊರಟವರು ಇಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಕ್ಕೆ ಹದಿಮೂರೂವರೆ ಗಂಟೆಯ ಅಂತರ. ಹೊರಡುವಾಗಲೇ ಬೆಂಗಳೂರಿನಲ್ಲಿ ಭಾನುವಾರದ ತಿಂಡಿ ಮುಗಿದಿತ್ತು.