ಹಾಲಿಗೆ ಏಳದ ಕೂಸು

ಆಷಾಢದ ಜಡಿಮಳೆಯಲ್ಲಿ ಹೊಸನಗರದ ಕಡೆಯಿಂದ ಮೂರು ದಿನದ ಹೆಣ್ಣು ಕೂಸನ್ನು ಶಿವಮೊಗ್ಗಕ್ಕೆ ಕರೆತಂದಿದ್ದರು. ತೂಕ 2.1 ಕೆ.ಜಿ. ಬಂದದ್ದು ಕಣ್ಣು ಹಳದಿಯಾಗಿದೆ ಎಂದು. ಮಾತಿನ ನಡುವೆ ಅಜ್ಜಿ ಹೇಳಿದರು: "ಭಾಳ ಸಾಧು ಮಗು ಡಾಕ್ಟ್ರೇ, ಅಳೋದೇ ಇಲ್ಲ. ರಾತ್ರಿಯಿಡೀ ಮಲಗಿತ್ತು, ನಾವೂ ಎಬ್ಬಿಸಲಿಲ್ಲ."

ಪಾದ ಮುಟ್ಟಿದರೆ ತಣ್ಣಗಿತ್ತು. ಬಾಯಿಗೆ ಬೆರಳಿಟ್ಟರೆ ಚೀಪಲಿಲ್ಲ. ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿಗೆ ಹಾಕಿದೆವು. ರಕ್ತದ ಸಕ್ಕರೆಯ ಅಂಕಿ 24 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ).

ನವಜಾತ ಶಿಶುವಿನಲ್ಲಿ ಸಕ್ಕರೆ ಅಂಶ 45ಕ್ಕಿಂತ ಕೆಳಗಿಳಿದರೆ ನಾವು ಎಚ್ಚರಗೊಳ್ಳುತ್ತೇವೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಎಲ್ಲ ಮಕ್ಕಳಲ್ಲೂ ಅದು ಸ್ವಲ್ಪ ಇಳಿದು ತಾನಾಗಿ ಏರುತ್ತದೆ. ಆದರೆ ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಗುವಿನ ಯಕೃತ್ತಿನಲ್ಲಿ (ಲಿವರ್) ಸಕ್ಕರೆಯ ದಾಸ್ತಾನು ಸಾಕಷ್ಟು ಇರುವುದಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗು ನಾಲ್ಕು ಕೆ.ಜಿ. ಇದ್ದು ಗುಂಡುಗುಂಡಾಗಿ ಕಂಡರೂ ಅದರ ಮೈಯಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ, ಸಕ್ಕರೆ ಬೇಗ ಇಳಿಯುತ್ತದೆ. ಇದಕ್ಕೆ ನಮ್ಮ ಮಲೆನಾಡಿನ ಥಂಡಿಯೂ ಸೇರುತ್ತದೆ. ಮೈ ಬೆಚ್ಚಗಿಟ್ಟುಕೊಳ್ಳಲು ಕೂಸು ಇದ್ದಬದ್ದ ಸಕ್ಕರೆಯನ್ನೆಲ್ಲ ಉರಿಸುತ್ತದೆ.

ಲಕ್ಷಣಗಳು ಮೋಸ ಮಾಡುತ್ತವೆ. ಮಂಕು, ಕ್ಷೀಣ ಅಳು, ಹಾಲು ಚೀಪದಿರುವುದು, ಮೈ ತಣ್ಣಗಾಗುವುದು, ಕೈಕಾಲು ನಡುಗುವುದು. ಕೆಲವು ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ನಡುಗುವ ಕೈಯನ್ನು ಮೆಲ್ಲಗೆ ಹಿಡಿದು ನೋಡಿ. ಹಿಡಿದಾಗ ನಿಂತರೆ ಅದು ಬರೀ ನಡುಕ, ಆದರೂ ಸಕ್ಕರೆ ಪರೀಕ್ಷೆ ಆಗಬೇಕು. ಹಿಡಿದರೂ ನಿಲ್ಲದೆ ಎಳೆಯುತ್ತಿದ್ದರೆ ಅದು ಫಿಟ್ಸ್, ಒಂದು ನಿಮಿಷವೂ ಕಾಯಬಾರದು.

"ಹಾಲು ಇನ್ನೂ ಇಳಿದಿಲ್ಲ" ಎಂದು ಜೇನು, ಸಕ್ಕರೆ ನೀರು ನೆಕ್ಕಿಸುವುದನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಬೇಡ. ಜೇನಂತೂ ಒಂದು ವರ್ಷದವರೆಗೆ ಕೊಡಲೇಬಾರದು. ಮೊದಲ ದಿನದ ಹಳದಿ ಹಾಲು ನಾಲ್ಕು ಹನಿಯಂತೆ ಕಂಡರೂ ಆ ಪುಟ್ಟ ಹೊಟ್ಟೆಗೆ ಸಾಮಾನ್ಯವಾಗಿ ಅಷ್ಟು ಸಾಕು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಬರಿಮೈಗೆ ಬರಿಮೈ ತಾಗಿಸಿ ಮೇಲೆ ಹೊದಿಸಿ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ. ಚೀಪಲು ಶಕ್ತಿಯಿಲ್ಲದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು, ಆದರೆ ಕೂಸು ಎಚ್ಚರವಾಗಿದ್ದು ನುಂಗುತ್ತಿರಬೇಕು.

ಆ ಕೂಸಿಗೆ ರಕ್ತನಾಳದಲ್ಲಿ 10 ಪರ್ಸೆಂಟ್ ಗ್ಲೂಕೋಸನ್ನು ಕೆ.ಜಿ.ಗೆ 2 ಮಿಲಿಯಂತೆ ಕೊಟ್ಟು ಡ್ರಿಪ್ ಹಾಕಿದೆವು. ಅರ್ಧ ಗಂಟೆಯಲ್ಲಿ ಅಂಕಿ 58 ಆಯಿತು. ಕೂಸು ಗಟ್ಟಿಯಾಗಿ ಅತ್ತಿತು, ಅಜ್ಜಿಯೂ ಅತ್ತರು.

ದೊಡ್ಡ ಮಕ್ಕಳಲ್ಲಿ ಸಕ್ಕರೆ ಇಳಿಯುವ ಕಥೆ ಬೇರೆ. ಎರಡರಿಂದ ಐದು ವರ್ಷದ ಸಣಕಲು ಮಗು ಜಾತ್ರೆಯಿಂದ ಬಂದು ಊಟ ಮಾಡದೆ ಮಲಗುತ್ತದೆ, ಬೆಳಿಗ್ಗೆ ಎಬ್ಬಿಸಿದರೆ ತೂಕಡಿಕೆ, ವಾಂತಿ. ಜ್ವರ ಬಂದು ಊಟ ಬಿಟ್ಟಾಗಲೂ ಹೀಗಾಗುತ್ತದೆ. ಪದೇಪದೇ ಆದರೆ ಆ ಹೊತ್ತಿನಲ್ಲೇ ತೆಗೆದ ರಕ್ತ ಕಾರಣ ಹೇಳುತ್ತದೆ, ಗ್ಲೂಕೋಸ್ ಹಾಕಿದ ಮೇಲೆ ತೆಗೆದದ್ದು ಅಷ್ಟು ಹೇಳುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವ ಮಗುವಿದ್ದರೆ ಶಾಲೆಯ ಮೇಷ್ಟ್ರಿಗೂ ಗೊತ್ತಿರಲಿ. ಬೆವರು, ನಡುಕ, ಕಾರಣವಿಲ್ಲದ ಸಿಡುಕು ಕಂಡು ಅಂಕಿ 70ಕ್ಕಿಂತ ಕಡಿಮೆ ಇದ್ದರೆ, ದೊಡ್ಡ ಮಗುವಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಚಾಕೊಲೇಟ್ ಬೇಡ, ಅದರ ಜಿಡ್ಡಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ವೈದ್ಯರು ಸಕ್ಕರೆ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಕೊಡುವ ಸಮಯ ಅದೇ.

ಆಗುಂಬೆಯ ಕಡೆಯಿಂದಲೋ ಸಾಗರದ ಹಿನ್ನೀರಿನ ಆಚೆಯಿಂದಲೋ ಕೂಸನ್ನು ತರುವವರಿಗೆ ಇನ್ನೊಂದು ಮಾತು. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹಿಮ್ಮಡಿಯ ಒಂದು ಹನಿ ಪರೀಕ್ಷೆ ಮಾಡಿಸಿ, ಅಲ್ಲಿಂದಲೇ ಚಿಕಿತ್ಸೆ ಶುರುವಾಗಲಿ. ದಾರಿಯುದ್ದಕ್ಕೂ ಕೂಸು ಟೋಪಿ ಹಾಕಿಕೊಂಡು, ಸೆರಗಿನೊಳಗೆ ಅಮ್ಮನ ಎದೆಗೆ ಒತ್ತಿಕೊಂಡೇ ಇರಲಿ.