‘ಹ್ಯಾಂಗ್’ ಆಯ್ತು ಅಂದರೆ ಏನಾಯ್ತು?

“ಸಿಸ್ಟಮ್ ಹ್ಯಾಂಗ್ ಆಗ್ತಿದೆ, ಸ್ವಲ್ಪ ನೋಡ್ತೀರಾ?” ಕಂಪ್ಯೂಟರ್ ಬಗ್ಗೆ ಅಲ್ಪಸ್ವಲ್ಪ ಗೊತ್ತಿರುವವರಿಗೆಲ್ಲ ಈ ಫೋನ್ ಬಂದೇ ಬರುತ್ತದೆ. ನಿಧಾನವಾದರೂ ಹ್ಯಾಂಗ್, ಮೌಸ್ ಅಲ್ಲಾಡದಿದ್ದರೂ ಹ್ಯಾಂಗ್, ತಾನಾಗೇ ಆಫ್ ಆಗಿ ಆನ್ ಆದರೂ ಹ್ಯಾಂಗ್. ಧಾರವಾಡದ ಕಡೆ ‘ಹ್ಯಾಂಗ’ ಅಂದರೆ ‘ಹೇಗೆ’ ಅಂತ. ಹ್ಯಾಂಗ್ ಆಯ್ತು ಅಂದವರನ್ನು ಮೊದಲು ಕೇಳಬೇಕಾದ್ದೂ ಅದನ್ನೇ: ಹ್ಯಾಂಗ ಆತು?

ಹ್ಯಾಂಗ್ ಅಂದರೆ ಕಂಪ್ಯೂಟರ್ ಓಡುತ್ತಲೇ ಇದೆ, ಆದರೆ ನಾವು ಕರೆದರೆ ಓಗೊಡುತ್ತಿಲ್ಲ. ಫ್ಯಾನ್ ತಿರುಗುತ್ತಿರುತ್ತದೆ, ಪರದೆ ಮೇಲೆ ಚಿತ್ರ ಹಾಗೇ ಇರುತ್ತದೆ, ಎಷ್ಟು ಕ್ಲಿಕ್ ಮಾಡಿದರೂ ಏನೂ ಆಗುವುದಿಲ್ಲ. ಒಳಗೆ ಒಂದು ಕೆಲಸ ಇನ್ನೊಂದಕ್ಕಾಗಿ ಕಾಯುತ್ತಾ ಕೂತಿರುತ್ತದೆ, ಇಲ್ಲವೇ ಒಂದೇ ಕಡೆ ಸುತ್ತುತ್ತಿರುತ್ತದೆ. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮ್ 5 ಸೆಕೆಂಡ್ ಉತ್ತರ ಕೊಡದಿದ್ದರೆ ಅದರ ತಲೆಬರಹದಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಹ್ಯಾಂಗ್ ಆಗಿರುವುದು ಆ ಪ್ರೋಗ್ರಾಮ್ ಮಾತ್ರ, ಕಂಪ್ಯೂಟರ್ ಚೆನ್ನಾಗೇ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಅದೊಂದನ್ನೇ ಮುಚ್ಚಿದರೆ ಸಾಕು.

ಕ್ರ್ಯಾಶ್ ಅಂದರೆ ಓಡುವುದೇ ನಿಂತುಹೋಗುವುದು. ಪ್ರೋಗ್ರಾಮ್ ಕ್ರ್ಯಾಶ್ ಆದರೆ ಅದು ಪಟ್ಟನೆ ಮುಚ್ಚಿಕೊಳ್ಳುತ್ತದೆ. ವಿಂಡೋಸೇ ಕ್ರ್ಯಾಶ್ ಆದರೆ ನೀಲಿ ಪರದೆ ಬರುತ್ತದೆ. ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪಾಗಿದೆ. ಎಲ್ಲರೂ ಹೆದರುವುದು ಈ ಪರದೆಗೇ. ಆದರೆ ಮುಂದೆ ಓಡಿದರೆ ನಮ್ಮ ಫೈಲುಗಳು ಕೆಡಬಹುದು ಎಂದು ವಿಂಡೋಸ್ ತಾನೇ ಬ್ರೇಕ್ ಹಾಕಿರುತ್ತದೆ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಲ್ಲಿ ಈ ನೀಲಿ ಪರದೆ ಬಂದು ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳ ಕೆಲಸ ನಿಂತಿತಲ್ವಾ, ಅದಕ್ಕೆ ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ತಪ್ಪು ಅಪ್‌ಡೇಟ್. ಆ ತಂತ್ರಾಂಶ ವಿಂಡೋಸ್‌ನ ತೀರಾ ಒಳಪದರದಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಎಡವಿದರೆ ಇಡೀ ಕಂಪ್ಯೂಟರ್ ಬೀಳುತ್ತದೆ. ನಿಮ್ಮ ಡೆಸ್ಕ್‌ಟಾಪ್‌ನ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸಲು ನೆರವಾಗುವ ತಂತ್ರಾಂಶ, ಇರುವುದೂ ಅಂಥ ಜಾಗದಲ್ಲೇ.

ನೀಲಿ ಪರದೆಯೂ ಇಲ್ಲದೆ ಲೈಟ್ ಆರಿದ ಹಾಗೆ ಸುಮ್ನೆ ಆಫ್ ಆಗುವುದು ಮೂರನೆಯ ಬಗೆ. ಆಗ ಹೆಚ್ಚಾಗಿ ಸಂಶಯ ಪಡಬೇಕಾದ್ದು ಬಿಸಿ ಅಥವಾ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಮೇಲೆ. ವಿಂಡೋಸ್ ತನಗಾದದ್ದನ್ನೆಲ್ಲ ಬರೆದಿಡುವ ದಿನಚರಿ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ಸಾಲು ನೋಡಿ ಗಾಬರಿಯಾಗುವವರು ಜಾಸ್ತಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತಷ್ಟೇ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಎಲ್ಲ ನಿಂತಂತೆ ಕಂಡಾಗ ನಾನು ಮೊದಲು ಒತ್ತುವುದು ಕ್ಯಾಪ್ಸ್ ಲಾಕ್. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಜೀವ ಇದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಒಂದು ಬೀಪ್ ಬಂದು ಪರದೆ ಮಿನುಗಿ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ದೀಪ ಅಲ್ಲಾಡದಿದ್ದರೆ ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿ ಇಲ್ಲ.

ನಮ್ಮೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಸೀಜನ್ನಿನಲ್ಲೇ ಕಂಪ್ಯೂಟರ್ ಹೀಗೆ ಕೈಕೊಟ್ಟಿತ್ತು. “ಹ್ಯಾಂಗ್ ಸಾರ್, ಎರಡು ಸಲ ಫಾರ್ಮ್ಯಾಟ್ ಹೊಡೆಸಿದೆ” ಅಂದರು ಅಂಗಡಿಯವರು. ಎದುರಿಗೇ ಕೂತು ನೋಡಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಅಕ್ಷರ ಒಂದೊಂದೇ ಮೂಡತೊಡಗಿತು, ಕೊನೆಗೆ ತಾನಾಗೇ ಆಫ್ ಆಯಿತು. ಕ್ಯಾಬಿನೆಟ್ ಬಿಚ್ಚಿದರೆ ಪ್ರೊಸೆಸರ್ ಮೇಲಿನ ಫ್ಯಾನನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮೇಲೆದ್ದಿತ್ತು. ಕೆಳಗೆ ಬಿಸಿ ಸಾಗಿಸಲೆಂದು ಹಚ್ಚಿದ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಬಿಸಿ 100 ಡಿಗ್ರಿ ಹತ್ತಿರ ಬಂದರೆ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸುತ್ತದೆ, ಆಗಲೂ ತಡೆಯದಿದ್ದರೆ ಸುಟ್ಟುಹೋಗದಂತೆ ಆಫ್ ಆಗುತ್ತದೆ. ಅವರು ಹ್ಯಾಂಗ್ ಅಂದದ್ದು ಇದನ್ನೇ. ಧೂಳು ಕೊಡವಿ, ಹೊಸ ಪೇಸ್ಟ್ ಹಚ್ಚಿ, ಟಕ್ ಎನ್ನುವವರೆಗೆ ಪಿನ್ ಒತ್ತಿದೆವು. ಅವತ್ತು ರಾತ್ರಿಯೇ ಅವರು ಬಾಕಿ ಲಗ್ನಪತ್ರಿಕೆಗಳನ್ನೆಲ್ಲ ಮುಗಿಸಿದರು. ಎರಡು ಫಾರ್ಮ್ಯಾಟ್‌ಗೆ ಕೊಟ್ಟ ದುಡ್ಡು, ಮತ್ತೆ ಹಾಕಿಕೊಂಡ ಫಾಂಟುಗಳು ನೆನಪಾದರೆ ನನಗೆ ಈಗಲೂ ಬೇಸರ.

ನೀಲಿ ಪರದೆ ಪದೇ ಪದೇ ಬಂದು, ಪ್ರತಿ ಸಲ ಬೇರೆ ಬೇರೆ ದೋಷದ ಕೋಡ್ ತೋರಿಸಿದರೆ, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ನೋಡಿ. ಪ್ಲಗ್ ಕಿತ್ತು ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ ಮತ್ತೆ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ಒಂದೊಂದು ದಿನ ಕೆಲಸ ಮಾಡಿ ನೋಡಿ. ಕೋಡ್ ಓದುವಷ್ಟರಲ್ಲಿ ಪರದೆ ಮಾಯವಾದರೆ ವಿಂಡೋಸ್ ಸೆಟ್ಟಿಂಗ್‌ಗಳಲ್ಲಿರುವ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ನಿಂತಿರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು.

ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ. ಮೊದಲು ಮಕ್ಕಳ ಫೋಟೊ, ಅಂಗಡಿ ಲೆಕ್ಕ, ಬೇಕಾದ ಫೈಲು ಎಲ್ಲವನ್ನೂ ಬೇರೊಂದು ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಹ್ಯಾಂಗ್ ಯಾವುದು, ಕ್ರ್ಯಾಶ್ ಯಾವುದು ಅಂತ ಆಮೇಲೆ ನೋಡೋಣ.